ಸಂಬಳದ ಚೀಟಿಗೆ ವಿಷುವಲ್ ಇಲ್ಲ

ನರಸಾಪುರ ಅಂದರೆ ಹೊರಗಿನವರಿಗೆ ಈಗಲೂ ನೆನಪಾಗುವುದು ಒಡೆದ ಗಾಜು. ಬೆಂಗಳೂರಿನಿಂದ ಕೋಲಾರಕ್ಕೆ ಬರುವ ಹೆದ್ದಾರಿಯಲ್ಲೇ ಸಿಗುತ್ತದೆ ಆ ಕೈಗಾರಿಕಾ ಪ್ರದೇಶ. 2020ರ ಡಿಸೆಂಬರ್ 12ರ ಬೆಳಗ್ಗೆ, ಆಪಲ್‌ಗೆ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಗಲಾಟೆ ಶುರುವಾಯಿತು. ಗಾಜು ಒಡೆದರು, ಕಾರುಗಳನ್ನು ಮಗುಚಿ ಹಾಕಿದರು. ಕೋಲಾರದಲ್ಲಿ ನಾವಿನ್ನೂ ಕಾಫಿ ಕುಡಿಯುತ್ತಿದ್ದೆವು, ಅಷ್ಟರಲ್ಲೇ ವಿಡಿಯೊ ಬಂದಿತ್ತು. ಊರಿನ ಗ್ರೂಪು, ಹಳೇ ಕಾಲೇಜಿನ ಗ್ರೂಪು, ಕ್ಯಾಮೆರಾದವರ ಗ್ರೂಪು, ಎಲ್ಲದರಲ್ಲೂ ಅದೇ. ಸಂಜೆಯೊಳಗೆ ದೇಶ ಬಿಟ್ಟು ದೇಶ ನೋಡಿತ್ತು.

ಜನರ ತೀರ್ಪೂ ಅವತ್ತೇ ಬಂತು. ‘ಉಂಡ ಮನೆಯ ಜಂತೆ ಎಣಿಸೋ ಜನ’ ಅಂತ ನಮ್ಮ ಜಿಲ್ಲೆಯವರೇ ಬರೆದರು. ಇನ್ನು ಈ ಕಡೆಗೆ ಯಾವ ಕಂಪನಿ ಬರುತ್ತೆ ಅಂದರು. ಪೊಲೀಸರಿಗೆ ಹೋದ ದೂರಿನಲ್ಲಿ 437 ಕೋಟಿ ರೂಪಾಯಿ ನಷ್ಟ ಅಂತಿತ್ತು, ಆ ಅಂಕಿ ದಪ್ಪ ಅಕ್ಷರದಲ್ಲಿ ಗಾಜು ಒಡೆಯುವ ವಿಡಿಯೊದ ಕೆಳಗೆ ಓಡಿತು. ಆಮೇಲೆ ಅದೇ ಕಂಪನಿ ತೈವಾನಿನ ಷೇರುಪೇಟೆಗೆ ಕೊಟ್ಟ ಲೆಕ್ಕ ನಮ್ಮ ದುಡ್ಡಿನಲ್ಲಿ ಸುಮಾರು 26ರಿಂದ 52 ಕೋಟಿ. ಅದು ಪೇಪರಿನ ಒಳಪುಟದಲ್ಲಿ ಬಂತು. ಅದಕ್ಕೆ ಯಾವ ವಿಡಿಯೊವೂ ಇರಲಿಲ್ಲ.

ಮುಂದೆ ಏನಾಯಿತು ಅಂತ ಕೇಳಿ ನೋಡಿ, ಹತ್ತು ಜನರಲ್ಲಿ ಒಬ್ಬರಿಗೆ ಗೊತ್ತಿದ್ದರೆ ಹೆಚ್ಚು. ಡಿಸೆಂಬರ್ 19ರಂದು, ಅಂದರೆ ಸರಿಯಾಗಿ ಒಂದು ವಾರಕ್ಕೆ, ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಕೊಟ್ಟಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ಇಟ್ಟಿರಲಿಲ್ಲ, ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾಗಿದೆ ಅಂತ ಆಪಲ್ ಹೇಳಿತು, ಹೊಸ ಆರ್ಡರ್ ನಿಲ್ಲಿಸಿತು. ನಮ್ಮ ರಾಜ್ಯದ ಕಾರ್ಖಾನೆಗಳ ಇಲಾಖೆ ತಪಾಸಣೆ ಮಾಡಿದಾಗ ಸಿಕ್ಕಿದ್ದೂ ಇದೇ ತರ: ಕೆಲಸಗಾರರ ಸಂಖ್ಯೆ ಸ್ವಲ್ಪವೇ ಸಮಯದಲ್ಲಿ 5,000ದಿಂದ 10,500ಕ್ಕೆ ಏರಿತ್ತು, ಅಷ್ಟು ಜನರನ್ನು ನೋಡಿಕೊಳ್ಳುವ ವ್ಯವಸ್ಥೆ ಇರಲಿಲ್ಲ, ಹಾಜರಿ ಹಾಕುವ ಯಂತ್ರವೇ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಬಹುಪಾಲು ಜನ ಏಜೆನ್ಸಿ ಮೂಲಕ ಬಂದ ಗುತ್ತಿಗೆಯವರು.

ಗಾಜು ಒಡೆದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಬೆಂಕಿ ಹಚ್ಚಿದ್ದೂ ಸರಿಯಲ್ಲ. ಆದರೆ ಎರಡು ತಿಂಗಳು ಹಾಜರಿ ತಪ್ಪಾಗಿ ಬಿದ್ದದ್ದು, ಕೇಳಲು ಹೋದರೆ ಏಜೆನ್ಸಿಯವರನ್ನು ಕೇಳಿ, ಕಂಪನಿಯವರನ್ನು ಕೇಳಿ ಅಂತ ಓಡಾಡಿಸುವುದು, ಅಕೌಂಟಿಗೆ ಕಡಿಮೆ ದುಡ್ಡು ಬಿದ್ದ ಮೆಸೇಜು ನೋಡಿ ಮನೆ ಬಾಡಿಗೆಗೆ ಏನು ಮಾಡೋಣ ಅಂತ ರೂಮಿನಲ್ಲಿ ಕೂರುವುದು, ಇದನ್ನೆಲ್ಲ ಯಾರು ಶೂಟ್ ಮಾಡುತ್ತಾರೆ? ಮಾಡಿದರೂ ಯಾರು ನೋಡುತ್ತಾರೆ? ಒಂದು ಅನ್ಯಾಯ ಎರಡು ತಿಂಗಳು ನಡೆಯಿತು, ಅದಕ್ಕೆ ಬಂದ ಸಿಟ್ಟು ಒಂದು ಬೆಳಗ್ಗೆ ನಡೆಯಿತು. ಕ್ಯಾಮೆರಾಕ್ಕೆ ಸಿಕ್ಕಿದ್ದು ಬೆಳಗ್ಗೆ ಮಾತ್ರ. ಜನ ನ್ಯಾಯ ತೀರ್ಮಾನ ಮಾಡಿದ್ದೂ ಆ ಬೆಳಗ್ಗೆಯನ್ನು ನೋಡಿಯೇ. ನನಗೆ ಇದು ತುಂಬಾ ದಿನದಿಂದ ಕೊರೆಯುತ್ತಿರುವ ವಿಷಯ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಈಗ ಮದುವೆ, ನಾಮಕರಣ, ಆರತಕ್ಷತೆ ವಿಡಿಯೊ ಮಾಡುತ್ತೇನೆ. ಅದಕ್ಕೂ ಮುಂಚೆ ಒಂದು ಚಾನೆಲ್‌ಗೆ ಸ್ಟ್ರಿಂಗರ್ ಆಗಿದ್ದೆ. ಹೆಸರು ಬೇಡ. ಸ್ಟ್ರಿಂಗರ್ ಅಂದರೆ ಸಂಬಳ ಇಲ್ಲ, ಸ್ಟೋರಿಗೆ ಇಷ್ಟು ಅಂತ ದುಡ್ಡು. ಆ ಕೆಲಸದಲ್ಲಿ ಡೆಸ್ಕಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ ‘ಏನಾಯ್ತು’ ಅಂತಲ್ಲ. ‘ವಿಷುವಲ್ ಇದ್ಯಾ?’ ಅಂತ, ಅಂದರೆ ತೋರಿಸಲು ದೃಶ್ಯ ಇದೆಯಾ ಅಂತ. ವಿಷುವಲ್ ಇದ್ದರೆ ಸ್ಟೋರಿ, ಇಲ್ಲದಿದ್ದರೆ ಇಲ್ಲ. ಡೆಸ್ಕಿನವರು ಕೆಟ್ಟವರು ಅಂತಲ್ಲ, ಟೀವಿ ಓಡುವುದೇ ಹಾಗೆ. ಪರದೆ ಖಾಲಿ ಬಿಡುವ ಹಾಗಿಲ್ಲ.

ಫ್ಲೋರೈಡ್ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಗೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆ ಒಣಗಿದವು, ಬಾವಿ ಬತ್ತಿದವು, ಬೋರು ಸಾವಿರ ಅಡಿ ದಾಟಿ ಕೆಳಗೆ ಇಳಿಯಿತು. ಆಳದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ ಇದೆ, ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ವರ್ಷಗಟ್ಟಲೆ ಕುಡಿದವರಿಗೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. ಇದನ್ನು ಸ್ಟೋರಿ ಮಾಡೋಣ ಅಂತ ಹೇಳಿದಾಗ ಡೆಸ್ಕಿನಿಂದ ಬಂದ ಮಾತು ನನಗೆ ಹಾಗೇ ನೆನಪಿದೆ. ‘ಹಲ್ಲು ತೋರ್ಸಿದ್ರೆ ಎಷ್ಟೊತ್ತು ತೋರ್ಸ್ತೀಯಪ್ಪಾ? ಹೆಂಗಸ್ರು ಖಾಲಿ ಕೊಡ ಹಿಡ್ಕೊಂಡು ರಸ್ತೆಗೆ ಬರ್ಲಿ, ಲೈವ್ ತಗೋಳ್ತೀವಿ.’

ಇದು ನಮ್ಮ ಜನಕ್ಕೂ ಗೊತ್ತಾಗಿಹೋಗಿದೆ. ನೀವು ನಮ್ಮ ಕಡೆಯ ಯಾವ ಹೋರಾಟ ಬೇಕಾದರೂ ನೋಡಿ, ಖಾಲಿ ಕೊಡ, ತಮಟೆ ಚಳವಳಿ, ಬಾಯಿ ಬಡಿದುಕೊಳ್ಳುವ ಚಳವಳಿ, ಅಣಕು ಶವಯಾತ್ರೆ, ಉರುಳು ಸೇವೆ. ಬರೀ ಅರ್ಜಿ ಕೊಟ್ಟರೆ ಯಾರೂ ಬರುವುದಿಲ್ಲ ಅಂತ ಅರವತ್ತು ದಾಟಿದ ಅಜ್ಜಿಯೂ ಬಿಸಿಲಿನಲ್ಲಿ ಡಾಂಬರಿನ ಮೇಲೆ ಕೂತು ಬಾಯಿ ಬಡಿದುಕೊಳ್ಳಬೇಕು. ಕ್ಯಾಮೆರಾ ಇಟ್ಟುಕೊಂಡು ಎದುರಿಗೆ ನಿಂತವನು ನಾನು. ‘ಇನ್ನೊಂದ್ಸಲ ಕೂಗಿ ಅಮ್ಮ, ಸೌಂಡ್ ಬಂದಿಲ್ಲ’ ಅಂತ ಪಕ್ಕದ ಹುಡುಗ ಹೇಳಿದಾಗ ಅವರು ಇನ್ನೊಂದು ಸಲ ಕೂಗಿದರು. ನೀರು ಕೇಳಲು ಬಂದವರು ಅವರು, ನಮಗೆ ಬೇಕಾದ ಹಾಗೆ ಅಳಬೇಕಾಯಿತು.

ಶಾಶ್ವತ ನೀರಾವರಿ ಹೋರಾಟ ಎಷ್ಟು ವರ್ಷ ನಡೆದಿದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಕಡೆಗೆ ನೀರು ತರುವ ಬಗ್ಗೆ ನೀರಾವರಿ ತಜ್ಞ ಪರಮಶಿವಯ್ಯ ಕೊಟ್ಟ ವರದಿಯ ಮಾತು ಕೇಳದೆ ಬೆಳೆದ ರೈತನ ಮಗ ಇಲ್ಲಿ ಇಲ್ಲ. 2016ರ ಮಾರ್ಚ್‌ನಲ್ಲಿ ಸಾವಿರಾರು ರೈತರು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟರು. ಟೀವಿಯಲ್ಲಿ ಬಂದದ್ದರಲ್ಲಿ ಎಷ್ಟೋ ಭಾಗ ಟ್ರಾಫಿಕ್ ಜಾಮಿನದ್ದು. ಏರ್‌ಪೋರ್ಟಿಗೆ ಹೋಗುವವರಿಗೆ ಆದ ತೊಂದರೆ. ಟ್ರ್ಯಾಕ್ಟರ್ ಮೇಲೆ ಕೂತವನ ಬೋರು ಯಾವಾಗ ಬತ್ತಿತು, ಎಷ್ಟು ಸಾಲ ಮಾಡಿ ಎಷ್ಟು ಸಲ ಕೊರೆಸಿದ ಅನ್ನುವುದಕ್ಕೆ ಜಾಗ ಇರಲಿಲ್ಲ. ಆಗ ಜಿಯೋ ಇನ್ನೂ ಬಂದಿರಲಿಲ್ಲ, ಅದು ಬಂದದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ. ರೈತನ ಕೈಯಲ್ಲಿದ್ದ ಫೋನಿನಲ್ಲಿ ವಿಡಿಯೊ ಹಾಕುವಷ್ಟು ಡೇಟಾ ಇರಲಿಲ್ಲ. ಕ್ಯಾಮೆರಾ ಇದ್ದವರು ಏನು ತೋರಿಸಿದರೋ ಅದೇ ಸುದ್ದಿ.

ಎರಡೇ ವರ್ಷಕ್ಕೆ ಎಷ್ಟು ಬದಲಾಯಿತು ನೋಡಿ. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆ ಬಂತು, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ. ಲಕ್ಷ್ಮೀಸಾಗರ ಕೆರೆಗೆ ನೀರು ಬಂದ ಸ್ವಲ್ಪ ದಿನಕ್ಕೇ ಬಿಳೀ ನೊರೆ ಎದ್ದಿತು. ಈ ಸಲ ಹಳ್ಳಿಯ ಹುಡುಗರೇ ಶೂಟ್ ಮಾಡಿದರು, ಅವರೇ ಹಾಕಿದರು. ನೊರೆ ಎಲ್ಲರಿಗೂ ಕಾಣಿಸಿತು. ವಿಷಯ ಹೈಕೋರ್ಟಿಗೆ ಹೋಯಿತು, ಸ್ವಲ್ಪ ಕಾಲ ನೀರು ನಿಂತಿತು, ಆಮೇಲೆ ಮತ್ತೆ ಹರಿಯಿತು. ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂತು. ಫೋನಿನ ಶಕ್ತಿ ಇದು, ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ಆದರೆ ನೊರೆ ಹೋದ ಮೇಲೆ ಜನರ ಗಮನವೂ ಹೋಯಿತು. ನೀರನ್ನು ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡುತ್ತಿದ್ದಾರೆ, ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಟಗಾರರು ಗಂಟಲು ಹರಿದುಕೊಳ್ಳುತ್ತಲೇ ಇದ್ದಾರೆ. ಮೂರನೇ ಹಂತ ಅನ್ನುವುದು ಹೇಗಿರುತ್ತದೆ ಅಂತ ತೋರಿಸಿ ನೋಡೋಣ? ಅದು ಒಂದು ಲ್ಯಾಬ್ ರಿಪೋರ್ಟು. ನೋಡಲು ನೀರು ನೀರಿನ ಹಾಗೇ ಇರುತ್ತದೆ.

ಇಷ್ಟು ಹೇಳಿದರೆ ಕೆಲವರು, ಹಾಗಾದರೆ ವಿಡಿಯೊ ಇಲ್ಲದಿದ್ದ ಕಾಲವೇ ಚೆನ್ನಾಗಿತ್ತಾ ಅಂತ ಕೇಳುತ್ತಾರೆ. ಖಂಡಿತ ಇಲ್ಲ. ಕಂಬಾಲಪಲ್ಲಿ ನಮ್ಮ ಚಿಂತಾಮಣಿ ತಾಲ್ಲೂಕಿನ ಊರು, ಆಗ ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ. 2000ದ ಮಾರ್ಚ್ 11ರಂದು ಅಲ್ಲಿ 7 ಮಂದಿ ದಲಿತರನ್ನು ಸುಟ್ಟು ಕೊಂದರು. ರಾಜ್ಯವೇ ನಡುಗಿತು, ಮಂತ್ರಿಗಳು ಬಂದರು, ಪತ್ರಿಕೆಗಳು ಬರೆದವು. ವಿಚಾರಣೆ ನಡೆಯುವ ಹೊತ್ತಿಗೆ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಕೋಲಾರದ ಕೋರ್ಟು ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ. ಕೊಂದವರು ಮಾತ್ರ ಯಾರೂ ಅಲ್ಲ!

ಅವತ್ತು ಯಾರದ್ದಾದರೂ ಕೈಯಲ್ಲಿ ಈಗಿನಂಥ ಫೋನ್ ಇದ್ದಿದ್ದರೆ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಸಾಕ್ಷಿ ಹೇಳುವವನಿಗೆ ಅದೇ ಊರಿನಲ್ಲಿ ಬದುಕಬೇಕು, ಅವರದ್ದೇ ಹೊಲಕ್ಕೆ ಕೂಲಿಗೆ ಹೋಗಬೇಕು. ಅವನನ್ನು ಹೆದರಿಸಬಹುದು, ಕೊಂಡುಕೊಳ್ಳಬಹುದು. ವಿಡಿಯೊವನ್ನು ಹೆದರಿಸಲು ಆಗುವುದಿಲ್ಲ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಸತ್ತಾಗ ಪೊಲೀಸರು ಮೊದಲು ಕೊಟ್ಟ ಪ್ರಕಟಣೆಯಲ್ಲಿ ಇದ್ದದ್ದು ಆರೋಗ್ಯ ಕೆಟ್ಟು ಸತ್ತ ಅನ್ನುವ ಅರ್ಥದ ಮಾತು. ಕುತ್ತಿಗೆ ಮೇಲೆ ಇದ್ದ ಮೊಣಕಾಲಿನ ಸುದ್ದಿಯೇ ಅದರಲ್ಲಿ ಇರಲಿಲ್ಲ. ರಸ್ತೆಯ ಪಕ್ಕ ನಿಂತಿದ್ದ 17 ವರ್ಷದ ಹುಡುಗಿ ತನ್ನ ಫೋನಿನಲ್ಲಿ ಅದನ್ನು ಹಿಡಿದಿದ್ದಳು. ಅವಳು ನಿಲ್ಲಿಸಲಿಲ್ಲ, ಒಂಬತ್ತು ನಿಮಿಷಕ್ಕಿಂತ ಜಾಸ್ತಿ ಒಂದೇ ಶಾಟ್, ನಡುವೆ ಕಟ್ ಇಲ್ಲ. ಆ ಪೊಲೀಸಿಗೆ ಶಿಕ್ಷೆ ಆಗಲು ಆ ಉದ್ದವೇ ದೊಡ್ಡ ಕಾರಣ ಅಂತ ವಿಡಿಯೊ ಕೆಲಸ ಮಾಡುವ ನನಗೆ ಅನಿಸುತ್ತದೆ. ಮೂವತ್ತು ಸೆಕೆಂಡಿನ ತುಣುಕು ಇದ್ದಿದ್ದರೆ, ಅದಕ್ಕೂ ಮುಂಚೆ ಅವನು ಏನೋ ಮಾಡಿರಬೇಕು ಬಿಡಿ ಅಂತ ಹೇಳುವವರು ಸಿಗುತ್ತಿದ್ದರು.

ಮಣಿಪುರದ್ದು ನೆನಪಿದೆಯಾ? ಇಬ್ಬರು ಹೆಂಗಸರನ್ನು ಬೆತ್ತಲೆ ಮಾಡಿ ಮೆರವಣಿಗೆ ಮಾಡಿದ್ದು 2023ರ ಮೇ 4ರಂದು. ಮೇ 18ಕ್ಕೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಿತ್ತು. ಏನಾಯಿತು ಅಂತ ಬರೆದ ಕಾಗದ ಸರ್ಕಾರದ ಕೈಯಲ್ಲೇ ಇತ್ತು. ಅಲ್ಲಿ ಇಂಟರ್ನೆಟ್ ಬಂದ್ ಆಗಿತ್ತು, ವಿಡಿಯೊ ಹೊರಗೆ ಬಂದದ್ದು ಜುಲೈ 19ಕ್ಕೆ. ಮಾರನೇ ದಿನವೇ ಪ್ರಧಾನಿ ಮಾತಾಡಿದರು, ಸುಪ್ರೀಂ ಕೋರ್ಟ್ ಗದರಿತು, ಬಂಧನ ಆಯಿತು, ದೇಶಕ್ಕೆಲ್ಲ ಸಿಟ್ಟು ಬಂತು. ನನಗೂ ಬಂತು. ಆದರೆ ಮೇ 18ರಿಂದ ಜುಲೈ 19ರವರೆಗೆ ಎರಡು ತಿಂಗಳು ಇದ್ದದ್ದೂ ಅದೇ ಸತ್ಯ ಅಲ್ವಾ? ಒಬ್ಬ ಹೆಣ್ಣುಮಗಳು ನನಗೆ ಹೀಗಾಯಿತು ಅಂತ ಹೇಳಿದರೆ ಅದು ಸಾಲದು, ಅವಳ ಅವಮಾನವನ್ನು ನಾವೆಲ್ಲ ನಮ್ಮ ಫೋನಿನಲ್ಲಿ ನೋಡಿದ ಮೇಲೇ ಅದು ಅನ್ಯಾಯ ಆಗುತ್ತದೆ ಅನ್ನುವ ಕಾಲಕ್ಕೆ ಬಂದಿದ್ದೇವೆ. ಅದನ್ನು ಫಾರ್ವರ್ಡ್ ಮಾಡಿದವರು ಎಷ್ಟೋ ಜನ. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಆ ಹೆಂಗಸರು ಪ್ರತಿ ಫಾರ್ವರ್ಡಿಗೂ ಮತ್ತೊಂದು ಸಲ ಆ ರಸ್ತೆಯಲ್ಲಿ ನಡೆಯಬೇಕಾಯಿತು ಅಂತ ಯೋಚನೆ ಮಾಡಿದರೆ ಹೊಟ್ಟೆ ಹಿಂಡುತ್ತದೆ.

ಇನ್ನು ಸುಳ್ಳು ವಿಡಿಯೊಗಳದ್ದು. ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಜಾಸ್ತಿ ಎಳೆಯುವುದಿಲ್ಲ. 2018ರಲ್ಲಿ ಮಕ್ಕಳ ಕಳ್ಳರ ವಿಡಿಯೊ ಓಡಾಡಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡಿಸಲು ಮಾಡಿದ ವಿಡಿಯೊ, ಕೊನೆಗೆ ಮಗುವನ್ನು ವಾಪಸ್ ತಂದು ಬಿಟ್ಟು ಬೋರ್ಡು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಬಿಟ್ಟರು. ಅಷ್ಟೇ ಕೆಲಸ. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬನನ್ನು ಹೊಡೆದು ಕೊಂದರು. ಜುಲೈನಲ್ಲಿ ಬೀದರಿನ ಮುರ್ಕಿಯಲ್ಲಿ, ಹಿಂದಿನ ಊರಿನಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಕ್ಕೆ ಅನುಮಾನ ಪಟ್ಟು, ಹೈದರಾಬಾದಿನ ಒಬ್ಬ ಎಂಜಿನಿಯರನ್ನು ಕೊಂದರು. ಅವರು ಕಾರಿನಲ್ಲಿ ಬರುವ ಮುಂಚೆಯೇ ಮುರ್ಕಿಗೆ ವಾಟ್ಸ್‌ಆ್ಯಪ್ ಮೆಸೇಜು ತಲುಪಿತ್ತು. ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಚಾಟಿಗೆ ಮಾತ್ರ ಕಳಿಸಬಹುದು ಅಂತ ವಾಟ್ಸ್‌ಆ್ಯಪ್‌ನವರು ಮಿತಿ ಹಾಕಿದ್ದು ಇಂಥ ಸಾವುಗಳೆಲ್ಲ ಆದ ಮೇಲೆ.

ಪಾಕಿಸ್ತಾನದ ಜೊತೆ ಸಂಘರ್ಷ ನಡೆಯುತ್ತಿದ್ದ 2025ರ ಮೇ 8ರ ರಾತ್ರಿಯಂತೂ ನಾನು ಮರೆಯುವುದಿಲ್ಲ. ಕರಾಚಿ ಬಂದರು ಉಡೀಸ್ ಅಂತ ದೇಶದ ಹಲವು ಚಾನೆಲ್‌ಗಳು ಹೇಳಿದವು. ಅಂಥದ್ದೇನೂ ಆಗಿರಲಿಲ್ಲ. ವಿಡಿಯೊ ಗೇಮಿನ ತುಣುಕುಗಳು ಯುದ್ಧದ ದೃಶ್ಯ ಅಂತ ಗ್ರೂಪುಗಳಲ್ಲಿ ಓಡಾಡಿದವು. ಎಡಿಟಿಂಗ್ ಮಾಡುವವನಾದ್ದರಿಂದ ನನ್ನ ಕಿವಿಗೆ ಮೊದಲು ಬಿದ್ದದ್ದು ಸೈರನ್. ಸ್ಟುಡಿಯೊದಲ್ಲಿ ಕೂತು ಹಾಕಿದ ಸೈರನ್. ಮನೆಯಲ್ಲಿ ವಯಸ್ಸಾದವರು ಅದನ್ನು ಕೇಳಿ ಹೊರಗೆ ಬಂದು ಆಕಾಶ ನೋಡಿದರು. ಸೈರನ್ ಸದ್ದು ಬಳಸಬೇಡಿ, ನಿಜವಾದ ಸೈರನ್ ಬಂದಾಗ ಜನ ನಂಬುವುದಿಲ್ಲ ಅಂತ ಕೇಂದ್ರ ಗೃಹ ಇಲಾಖೆಯೇ ಮೇ 10ರಂದು ಚಾನೆಲ್‌ಗಳಿಗೆ ಹೇಳಬೇಕಾಯಿತು. ಗಡಿಯಲ್ಲಿ ಇರುವವರ ಮನೆ ಮೇಲೆ ನಿಜವಾದ ಶೆಲ್ ಬೀಳುತ್ತಿದ್ದ ರಾತ್ರಿ ಅದು. ಅವರ ಕಷ್ಟಕ್ಕೆ ಪರದೆಯಲ್ಲಿ ಸಿಕ್ಕ ಜಾಗಕ್ಕಿಂತ ಗ್ರಾಫಿಕ್ಸಿಗೆ ಸಿಕ್ಕ ಜಾಗ ದೊಡ್ಡದಾಗಿತ್ತು.

ಟೀವಿಯಲ್ಲಿ ಇನ್ನೊಂದು ಇದೆ, ಹೊರಗಿನವರ ಗಮನಕ್ಕೆ ಬರುವುದಿಲ್ಲ. ಲೂಪ್. ಸ್ಟ್ರಿಂಗರ್ ಕಳಿಸಿದ್ದು ಹನ್ನೆರಡು ಸೆಕೆಂಡಿನ ಕಲ್ಲು ತೂರಾಟ ಅಂದುಕೊಳ್ಳಿ. ಅದನ್ನೇ ತಿರುಗಿಸಿ ತಿರುಗಿಸಿ ಒಂದು ಗಂಟೆ ಹಾಕುತ್ತಾರೆ, ನಡುವೆ ಜೂಮ್ ಮಾಡುತ್ತಾರೆ, ಕೆಂಪು ವೃತ್ತ ಹಾಕುತ್ತಾರೆ, ಕೆಳಗೆ ಡೋಲಿನಂಥ ಮ್ಯೂಸಿಕ್. ಹನ್ನೆರಡು ಸೆಕೆಂಡಿನಲ್ಲಿ ಮುಗಿದದ್ದು ನೋಡುವವನ ತಲೆಯಲ್ಲಿ ಒಂದು ಗಂಟೆ ನಡೆದಿರುತ್ತದೆ. ಒಂದೇ ಕಲ್ಲು ಮುನ್ನೂರು ಕಲ್ಲಾಗಿರುತ್ತದೆ. ಅವನು ಸುಳ್ಳು ನೋಡಿಲ್ಲ. ಆದರೆ ಅವನಿಗೆ ಗೊತ್ತಾದದ್ದು ಸುಳ್ಳು.

ಈಗ ಈ ಕೆಲಸಕ್ಕೆ ಚಾನೆಲ್ ಕೂಡ ಬೇಕಾಗಿಲ್ಲ. ಈಚೆಗೆ ನಮ್ಮ ಸ್ಟುಡಿಯೊಗೆ ಒಬ್ಬ ಹುಡುಗ ಬಂದಿದ್ದ. ಹತ್ತಿರದ ಹಳ್ಳಿಯವನು, ಊರಿನ ಹೆಸರು ಬರೆಯುವುದಿಲ್ಲ. ಪೆನ್‌ಡ್ರೈವಿನಲ್ಲಿ ಒಂದು ವಿಡಿಯೊ. ‘ಅಣ್ಣ, ಇದನ್ನ ರೀಲ್ಸ್ ಸೈಜಿಗೆ ಮಾಡ್ಕೊಡಿ, ಲಾಸ್ಟಲ್ಲಿ ಬರೋದು ಮಾತ್ರ ಸಾಕು’ ಅಂದ. ಟೈಮ್‌ಲೈನಿಗೆ ಹಾಕಿ ಪೂರ್ತಿ ನೋಡಿದೆ. ನಾಲ್ಕು ನಿಮಿಷದಷ್ಟು ಇತ್ತು. ನಲ್ಲಿ ಹತ್ತಿರ ಒಬ್ಬ ಹೆಂಗಸು, ಎದುರಿಗೆ ನೀರಗಂಟಿ. ಮೊದಲ ಮೂರು ನಿಮಿಷ ಆ ಹೆಂಗಸು ಬರೀ ಪ್ರಶ್ನೆ ಕೇಳುತ್ತಾರೆ. ಮೇಲಿನ ಬೀದಿಗೆ ದಿನ ಬಿಟ್ಟು ದಿನ ನೀರು ಬಿಡುತ್ತೀಯ, ನಮ್ಮ ಕಾಲನಿಗೆ ಯಾಕೆ ಬಿಡುವುದಿಲ್ಲ? ವಾಲ್ವ್ ಯಾರ ಮನೆ ಮುಂದೆ ಇದೆ? ಪಂಚಾಯ್ತಿಯಲ್ಲಿ ಕೇಳಿದರೆ ನಿನ್ನನ್ನು ಕೇಳಿ ಅಂತಾರೆ, ನಿನ್ನನ್ನು ಕೇಳಿದರೆ ಕರೆಂಟ್ ಇಲ್ಲ ಅಂತೀಯ. ಅರ್ಧ ಕನ್ನಡ ಅರ್ಧ ತೆಲುಗು, ನಮ್ಮ ಕಡೆಯ ಮಾತು. ನೀರಗಂಟಿ ಬೀಡಿ ಸೇದುತ್ತಾ ಬೇರೆ ಕಡೆ ನೋಡುತ್ತಾನೆ. ಕೊನೆಗೆ ಏನೋ ಒಂದು ಮಾತು ಆಡುತ್ತಾನೆ, ಜಾತಿ ಹಿಡಿದು ಆಡಿದ ಮಾತು, ಸ್ಪಷ್ಟವಾಗಿ ಕೇಳುತ್ತದೆ. ಅವರು ಕೈಯಲ್ಲಿದ್ದ ಪ್ಲಾಸ್ಟಿಕ್ ಕೊಡವನ್ನು ಅವನ ಮೇಲೆ ಎಸೆಯುತ್ತಾರೆ, ಬೈಯುತ್ತಾರೆ. ಹುಡುಗನಿಗೆ ಬೇಕಾದದ್ದು ಕೊಡ ಎಸೆದಲ್ಲಿಂದ.

‘ಹಿಂದಿನದ್ದು ಇಲ್ಲದಿದ್ರೆ ಇದಕ್ಕೆ ಅರ್ಥ ಇಲ್ಲಪ್ಪ, ಆ ಅಮ್ಮನದ್ದೇ ತಪ್ಪು ಅಂತ ಆಗುತ್ತೆ. ಅವನು ಆಡಿದ ಮಾತಿಗೆ ಕೇಸೇ ಆಗುತ್ತೆ ಗೊತ್ತಾ?’ ಅಂದೆ. ಅವನು ಕೆಟ್ಟ ಹುಡುಗನಲ್ಲ, ಅವನಿಗೆ ಆ ಹೆಂಗಸಿನ ಮೇಲೆ ಸಿಟ್ಟೂ ಇರಲಿಲ್ಲ. ‘ಮೂರು ನಿಮಿಷ ಯಾರು ನೋಡ್ತಾರೆ ಅಣ್ಣ? ಮೊದಲ ಮೂರು ಸೆಕೆಂಡಲ್ಲಿ ಏನಾದ್ರೂ ಆಗ್ಬೇಕು, ಇಲ್ಲಾಂದ್ರೆ ಸ್ಕ್ರೋಲ್ ಮಾಡ್ಬಿಡ್ತಾರೆ’ ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ನಾನು ಮಾಡಿಕೊಡುವುದಿಲ್ಲ ಅಂದೆ, ಅವನು ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ತನ್ನ ಫೋನಿನಲ್ಲೇ ಟ್ರಿಮ್ ಮಾಡಿದ. ಸಂಜೆಗೆ ಅದು ನನ್ನ ಫೋನಿಗೂ ಬಂತು, ಹಿಂದೆ ತಮಾಷೆಯ ಮ್ಯೂಸಿಕ್ ಹಾಕಿ. ಕೆಳಗೆ ಕಾಮೆಂಟು ನೂರಾರು. ಸರ್ಕಾರಿ ನೌಕರನಿಗೆ ಹೊಡೆಯುತ್ತಾಳೆ, ಇವರಿಗೆ ಎಲ್ಲ ಫ್ರೀ ಕೊಟ್ಟು ಹೀಗಾಗಿದೆ, ಅಂತ. ಮೂರು ನಿಮಿಷ ಅವರು ನೀರು ಕೇಳಿದ್ದು ಆ ನೂರಾರು ಜನರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅವರ ಮಟ್ಟಿಗೆ ಆ ಹೆಂಗಸು ಹುಟ್ಟಿದ್ದೇ ಕೊಡ ಎಸೆಯುವಾಗ.

ನರಸಾಪುರದಲ್ಲಿ ಆದದ್ದೂ ಇದೇ. ಆ ಹುಡುಗ ಯಾವ ಪಕ್ಷದವನೂ ಅಲ್ಲ, ಯಾರ ದುಡ್ಡೂ ತಿಂದಿಲ್ಲ. ಮೂರು ಸೆಕೆಂಡಿನ ನಿಯಮಕ್ಕೆ ತಕ್ಕ ಹಾಗೆ ಕತ್ತರಿಸಿದ, ಅಷ್ಟೇ. ಆದರೆ ಆ ನಿಯಮ ಯಾವಾಗಲೂ ಒಂದೇ ಕಡೆ ವಾಲುತ್ತದೆ ಅನ್ನುವುದನ್ನು ನಾವು ಗಮನಿಸಬೇಕು. ಬಲ ಇರುವವನ ಅನ್ಯಾಯ ನಿಧಾನವಾಗಿ, ಕಾಗದದಲ್ಲಿ, ಬೀಗ ಹಾಕಿದ ಕೋಣೆಯಲ್ಲಿ, ವಾಲ್ವ್ ತಿರುಗಿಸದೆ ಇರುವುದರಲ್ಲಿ ನಡೆಯುತ್ತದೆ. ಬಲ ಇಲ್ಲದವನ ಸಿಟ್ಟು ಬೀದಿಯಲ್ಲಿ, ಜೋರಾಗಿ, ಎಲ್ಲರ ಕಣ್ಣೆದುರು ನಡೆಯುತ್ತದೆ. ಯಾವುದಕ್ಕೆ ವ್ಯೂಸ್ ಬರುತ್ತದೆ ಅಂತ ಬೇರೆ ಹೇಳಬೇಕಾ?

ವಿಡಿಯೊ ಇಲ್ಲದೆಯೂ ಸುದ್ದಿ ಹೊರಗೆ ಬಂದದ್ದು ಇದೆ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ದೇವರ ಮೆರವಣಿಗೆಯ ಗುಜ್ಜುಕೋಲು ಮುಟ್ಟಿದ ಅಂತ ಆ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ದಂಡ ಹಾಕುವುದನ್ನು ಯಾರೂ ರೀಲ್ಸ್ ಮಾಡಲಿಲ್ಲ. ಸಂಘಟನೆಯವರು ಆ ಮನೆಗೆ ಹೋಗಿ, ಕೂತು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪೊಲೀಸ್ ದೂರು, ಪತ್ರಕರ್ತರು, ಅಧಿಕಾರಿಗಳು. ದೇವರಿಗೆ ನಾವು ಬೇಡವಾದರೆ ನಮಗೂ ಬೇಡ ಅಂತ ಆ ತಾಯಿ ಮನೆಯಲ್ಲಿ ಅಂಬೇಡ್ಕರ್ ಫೋಟೊ ಹಾಕಿದ್ದು ದೇಶಕ್ಕೆಲ್ಲ ಗೊತ್ತಾಯಿತು. ಯಾರೋ ಒಬ್ಬರು ಹೋಗಿ ಕೇಳಿಸಿಕೊಳ್ಳದೆ ಇದ್ದಿದ್ದರೆ ಆ ಮನೆಯವರು ಸಾಲ ಮಾಡಿ ದಂಡ ಕಟ್ಟಬೇಕಿತ್ತು, ಇಲ್ಲವಾದರೆ ಊರು ಬಿಡಬೇಕಿತ್ತು. ಜಿಲ್ಲೆಗೆ ಇಂಥ ಕಿವಿ ಇರುವ ಹತ್ತು ವರದಿಗಾರರು ಇದ್ದರೂ ಸಾಕು. ಅವರಿಗೆ ಸ್ಟೋರಿ ಲೆಕ್ಕದಲ್ಲಿ ಅಲ್ಲ, ತಿಂಗಳ ಸಂಬಳ ಕೊಡುವ ಪತ್ರಿಕೆ, ಚಾನೆಲ್ ಬೇಕು. ಈ ಮಾತನ್ನು ಸ್ಟ್ರಿಂಗರ್ ಆಗಿದ್ದವನೇ ಹೇಳಬೇಕು, ಹೇಳುತ್ತಿದ್ದೇನೆ.

ಕೊನೆಗೆ, ವಿಡಿಯೊ ತೆಗೆಯುವವರಿಗೆ ಕೆಲಸಕ್ಕೆ ಬರುವ ಒಂದೆರಡು ವಿಷಯ. ಗಲಾಟೆ ಶುರುವಾದ ಮೇಲೆ ಅಲ್ಲ, ಮಾತು ಶುರುವಾದಾಗಲೇ ರೆಕಾರ್ಡ್ ಒತ್ತಿ. ನಿಲ್ಲಿಸಬೇಡಿ. ಒಂದೇ ಫೈಲ್ ಇರಲಿ. ವಾಟ್ಸ್‌ಆ್ಯಪಿನಲ್ಲಿ ಸುಮ್ನೆ ವಿಡಿಯೊ ಅಂತ ಕಳಿಸಿದರೆ ಅದು ಫೈಲನ್ನು ಕುಗ್ಗಿಸುತ್ತದೆ, ಯಾವಾಗ ತೆಗೆದದ್ದು ಅನ್ನುವ ಮಾಹಿತಿಯೂ ಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ, ಮೂಲ ಫೈಲನ್ನು ಆ ಫೋನಿನಲ್ಲೇ ಬಿಟ್ಟು ಇನ್ನೊಂದು ಕಾಪಿ ಬೇರೆ ಕಡೆ ಇಡಿ. ಕೋರ್ಟಿಗೆ ಹೋದರೆ ಬರೀ ವಿಡಿಯೊ ಸಾಲುವುದಿಲ್ಲ, ಅದರ ಜೊತೆ ಪ್ರಮಾಣಪತ್ರ ಕೊಡಬೇಕು. ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ಮೂಲ ಫೋನ್ ಇದ್ದರೆ ಆ ಕೆಲಸ ಎಷ್ಟೋ ಸುಲಭ, ಹಾಗಾಗಿ ಎಕ್ಸ್‌ಚೇಂಜ್ ಆಫರ್ ಬಂತು ಅಂತ ಫೋನ್ ಕೊಟ್ಟುಬಿಡಬೇಡಿ. ಆ ನೀರಿನ ವಿಡಿಯೊದ ಪೂರ್ತಿ ಫೈಲ್ ಇಟ್ಟುಕೋ ಅಂತ ಹುಡುಗನಿಗೆ ಹೇಳಿದ್ದೇನೆ. ಆ ಅಮ್ಮನ ಮನೆಯವರಿಗೂ ಹೇಳಿ ಕಳಿಸಿದ್ದೇನೆ, ಬಂದರೆ ಕಾಪಿ ಮಾಡಿಕೊಡಲು ದುಡ್ಡು ಬೇಡ, ವಕೀಲರ ಹತ್ತಿರ ಹೋಗುವುದಾದರೆ ನಾನೂ ಜೊತೆಗೆ ಬರುತ್ತೇನೆ ಅಂತ.